ಹಾರ್ನೆಸ್‌ಗೆ ಕತ್ತರಿ ಹಾಕಿಸುವ ಮುನ್ನ ರಿಗ್ಗರ್‌ನ ಕಾರ್ಡನ್ನು ಪೂರ್ತಿ ಓದಿ

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವಾಗ ಸ್ಕೈಡೈವಿಂಗ್ ಕಲಿತು, ಸ್ವಂತ ಪ್ಯಾರಾಚೂಟ್ ರಿಗ್ಗಿನೊಂದಿಗೆ (ಪ್ಯಾರಾಚೂಟುಗಳ ಸಮೇತ ಬೆನ್ನಿಗೆ ಕಟ್ಟಿಕೊಳ್ಳುವ ಇಡೀ ಸಾಧನ) ಊರಿಗೆ ಮರಳಿದವರು ಮಂಗಳೂರು, ಉಡುಪಿ ಕಡೆ ಬೆರಳೆಣಿಕೆಯಷ್ಟಾದರೂ ಇದ್ದಾರೆ. ಅವರಲ್ಲಿ ಯಾರಾದರೂ ಹಾರ್ನೆಸ್ಸನ್ನು, ಅಂದರೆ ರಿಗ್ಗನ್ನು ಮೈಗೆ ಬಿಗಿಯುವ ಪಟ್ಟಿಗಳನ್ನು, ತಮ್ಮ ಮೈ ಅಳತೆಗೆ ಚಿಕ್ಕದು ಮಾಡಿಸಲು ಇಲ್ಲಿಯೇ ಒಬ್ಬರನ್ನು ಹುಡುಕುತ್ತಿದ್ದರೆ, ಕೆಲಸ ಒಪ್ಪಿಸುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ನನಗೆ ಅಪಘಾತವೇನೂ ಆಗಲಿಲ್ಲ. ಆಗುವ ಮೊದಲೇ ದೋಷ ಇನ್ನೊಬ್ಬರ ಕಣ್ಣಿಗೆ ಬಿತ್ತು.

ರಿಗ್ ಅಮೆರಿಕದಲ್ಲಿ ತಯಾರಾದದ್ದು. ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್. ಹಿಂದಿನ ಮಾಲೀಕರು ನನಗಿಂತ ಎತ್ತರದವರಾದ್ದರಿಂದ ಹೆಗಲಿನಿಂದ ಸೊಂಟದವರೆಗೆ ಇಳಿಯುವ ಮುಖ್ಯ ಪಟ್ಟಿ ನನಗೆ ಉದ್ದವಾಗುತ್ತಿತ್ತು. ಹಾರ್ನೆಸ್ ಹೀಗೆ ಸಡಿಲವಿದ್ದರೆ ಪ್ಯಾರಾಚೂಟ್ ಬಿಚ್ಚಿಕೊಳ್ಳುವ ಹೊತ್ತಿಗೆ ಎದೆಪಟ್ಟಿ ಕತ್ತಿನ ಕಡೆಗೆ ಸರಿಯುತ್ತದೆ. ತುರ್ತಿನಲ್ಲಿ ಎಳೆಯಬೇಕಾದ ಹಿಡಿಕೆಗಳೂ ಕೈ ರೂಢಿ ಮಾಡಿಕೊಂಡ ಜಾಗದಲ್ಲಿ ಸಿಗುವುದಿಲ್ಲ. ಆದ್ದರಿಂದ ಪಟ್ಟಿಯನ್ನು ಮೊಟಕು ಮಾಡಿಸುವುದು ಅಗತ್ಯವೇ ಆಗಿತ್ತು.

ವಿದೇಶದಲ್ಲಿ ರಿಗ್ಗರ್ (ಪ್ಯಾರಾಚೂಟುಗಳನ್ನು ಮಡಚಿ, ದುರಸ್ತಿ ಮಾಡುವವರು) ಆಗಿ ಕೆಲಸ ಮಾಡಿ ಬಂದು ಮಂಗಳೂರಿನಲ್ಲಿ ನೆಲೆಸಿದ ಒಬ್ಬರ ಬಳಿ, ಮೇನ್ ಪ್ಯಾರಾಚೂಟಿನ ಸಣ್ಣ ಹರಕಿಗೆ ತೇಪೆ ಹಾಕಿಸಲು ಮತ್ತು ಮೇನ್ ಕೈಕೊಟ್ಟಾಗ ಬಿಚ್ಚುವ ರಿಸರ್ವನ್ನು ಹೊಸದಾಗಿ ಮಡಚಿಸಲು ಹೋಗಿದ್ದೆ. ಹಾರ್ನೆಸ್ಸನ್ನು ತಯಾರಕರಿಗೆ ಕಳಿಸಬೇಕೆಂದಿದ್ದೇನೆ ಎಂದಾಗ ಅವರು, "ಅಷ್ಟು ದೂರ ಕಳಿಸಿ ಯಾಕೆ ದುಡ್ಡು ಹಾಳು ಮಾಡ್ತೀರಿ ಮಾರಾಯ್ರೇ, ಅದನ್ನೂ ನಾನೇ ಮಾಡಿ ಕೊಡ್ತೇನೆ" ಎಂದರು. ಅಧಿಕಾರ ಇದೆಯೇ ಎಂದು ಕೇಳಿದ್ದಕ್ಕೆ ಅಮೆರಿಕದ ವಿಮಾನಯಾನ ಆಡಳಿತವಾದ ಎಫ್‌ಎಎ ಕೊಟ್ಟ ರಿಗ್ಗರ್ ಕಾರ್ಡನ್ನು ತೋರಿಸಿದರು. ಕಾರ್ಡು ನಕಲಿಯಲ್ಲ. ಆದರೆ ಅದರಲ್ಲಿದ್ದದ್ದು ಸೀನಿಯರ್ ರಿಗ್ಗರ್ ಎಂದು, ಮಾಸ್ಟರ್ ರಿಗ್ಗರ್ ಎಂದಲ್ಲ; ಆ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳಬೇಕಾದವರು ಅವರೇ ಆಗಿದ್ದರು.

ಈ ವ್ಯತ್ಯಾಸ ಹೆಸರಿನದಷ್ಟೇ ಅಲ್ಲ. ಎಫ್‌ಎಎ ನಿಯಮಗಳ 65ನೆಯ ಭಾಗದ ಪ್ರಕಾರ ಸೀನಿಯರ್ ರಿಗ್ಗರ್ ತನಗೆ ಅನುಮತಿಯಿರುವ ಬಗೆಯ ಪ್ಯಾರಾಚೂಟನ್ನು ಮಡಚಬಹುದು, ಅದರ ನಿರ್ವಹಣೆ ಮಾಡಬಹುದು, ಸಣ್ಣ ದುರಸ್ತಿಗಳನ್ನೂ ಮಾಡಬಹುದು. ದೊಡ್ಡ ದುರಸ್ತಿ, ಅಂದರೆ ಕೆಟ್ಟದಾಗಿ ಮಾಡಿದರೆ ಪ್ಯಾರಾಚೂಟಿನ ಸುರಕ್ಷತೆಗೇ ಧಕ್ಕೆ ತರುವಂಥದ್ದು, ಮತ್ತು ಮೂಲ ರಚನೆಯನ್ನು ಬದಲಿಸುವ ಮಾರ್ಪಾಡು ಇವೆರಡೂ ಮಾಸ್ಟರ್ ರಿಗ್ಗರ್‌ನ ಕೆಲಸ. ಆ ಹಂತಕ್ಕೇರಲು ಕನಿಷ್ಠ 3 ವರ್ಷಗಳ ಅನುಭವವೂ, ಎರಡು ಬಗೆಯ ಪ್ಯಾರಾಚೂಟುಗಳಲ್ಲಿ ತಲಾ 100 ಮಡಿಕೆಗಳೂ ಬೇಕು. ಅಷ್ಟಾದ ಮೇಲೂ ಮಾಸ್ಟರ್ ರಿಗ್ಗರ್ ತನಗೆ ಸರಿಕಂಡಂತೆ ಕತ್ತರಿ ಆಡಿಸುವಂತಿಲ್ಲ: ತಯಾರಕರಾಗಲಿ ಎಫ್‌ಎಎ ಆಗಲಿ ನಿರ್ದಿಷ್ಟವಾಗಿ ಅನುಮತಿಸಿದ ಮಾರ್ಪಾಡನ್ನು ಮಾತ್ರ ಮಾಡಬೇಕು. ಹಾರ್ನೆಸ್, ಪ್ಯಾರಾಚೂಟುಗಳನ್ನು ತುಂಬಿಡುವ ಕಂಟೈನರ್ ಮತ್ತು ರಿಸರ್ವ್ ಪ್ಯಾರಾಚೂಟುಗಳು ಟಿಎಸ್‌ಒ-ಸಿ23 ಎಂಬ ಮಾನದಂಡದಡಿ ಪರೀಕ್ಷೆಗೊಳಗಾಗಿ ಅನುಮೋದನೆ ಪಡೆದವು. ಪಟ್ಟಿಯ ಉದ್ದ ಬದಲಾಯಿಸಿ ಬೇರೆ ದಾರದಲ್ಲಿ ಹೊಲಿದ ಕ್ಷಣಕ್ಕೆ, ಅಂದು ಪರೀಕ್ಷೆಗೊಳಗಾದ ವಸ್ತುವೇ ಬೇರೆ, ನಮ್ಮ ಬೆನ್ನ ಮೇಲಿರುವುದೇ ಬೇರೆ. ಮೇನ್ ಪ್ಯಾರಾಚೂಟಿಗೆ ಆ ಅನುಮೋದನೆ ಕಡ್ಡಾಯವಲ್ಲ, ಮುಂದೆ ಅದರಲ್ಲಿ ಜಿಗಿಯುವವರೇ ಅದನ್ನು ಮಡಚಿಕೊಳ್ಳಲೂಬಹುದು. ಆದರೆ ಅದರ ದುರಸ್ತಿಗೂ ತಕ್ಕ ಪ್ರಮಾಣಪತ್ರ ಇರುವವರೇ ಬೇಕು.

ದೋಷ ಹೊರಬಿದ್ದದ್ದು ಕೊಲ್ಲಿಯ ಒಂದು ಜಿಗಿತದ ತಾಣದಲ್ಲಿ. ಅಲ್ಲಿನ ಮಾಸ್ಟರ್ ರಿಗ್ಗರ್ ರಿಗ್ಗನ್ನು ಮೇಜಿನ ಮೇಲಿಟ್ಟು ಹಾರ್ನೆಸ್ಸನ್ನು ಬೆರಳಲ್ಲಿ ತಡವುತ್ತ ಬಂದವರು ಮುಖ್ಯ ಪಟ್ಟಿಯ ಬಳಿ ನಿಂತುಬಿಟ್ಟರು. ಹಾರ್ನೆಸ್ಸಿನ ಭಾರ ಹೊರುವ ಸೇರುವೆಗಳನ್ನು ಫೈವ್-ಕಾರ್ಡ್ ಎಂದು ಕರೆಯುವ ದಪ್ಪ ನೈಲಾನ್ ದಾರದಿಂದ, ಅದಕ್ಕೆಂದೇ ಇರುವ ಭಾರೀ ಯಂತ್ರದಲ್ಲಿ, ತಯಾರಕರ ನಕ್ಷೆಯಲ್ಲಿರುವ ವಿನ್ಯಾಸದಂತೆಯೇ ಹೊಲಿಯುತ್ತಾರೆ. ನನ್ನದರಲ್ಲಿದ್ದದ್ದು ಬ್ಯಾಗು, ಸೀಟ್ ಕವರ್‌ಗಳಿಗೆ ಬಳಸುವ ತೆಳು ದಾರ. ಹಳೆಯ ಹೊಲಿಗೆ ಬಿಚ್ಚುವಾಗ ಬ್ಲೇಡು ತಾಗಿ ಪಟ್ಟಿಯ ಎಳೆಗಳು ಕೆಲವೆಡೆ ಕಡಿದಿದ್ದವು. ಹೊಸ ಹೊಲಿಗೆ ಹಳೆಯ ಸೂಜಿರಂಧ್ರಗಳ ನಡುವೆಯೇ ಅಡ್ಡಾದಿಡ್ಡಿಯಾಗಿ ಓಡಿತ್ತು. ಹೆಚ್ಚಾದ ಪಟ್ಟಿಯನ್ನು ಕತ್ತರಿಸಿ ಎಸೆದಿದ್ದರಿಂದ ಮೊದಲಿನ ಸ್ಥಿತಿಗೆ ತರುವ ದಾರಿಯೂ ಉಳಿದಿರಲಿಲ್ಲ. ಅವರು ಆ ರಿಗ್ಗಿನ ರಿಸರ್ವಿಗೆ ಮೊಹರು ಹಾಕಲು ಒಪ್ಪಲಿಲ್ಲ. ಹಾಗೆ ಮಾಡಿದ್ದಕ್ಕೆ ಅವರಿಗೆ ನಾನು ಇಂದಿಗೂ ಋಣಿ.

ಊರಲ್ಲಿ ಈ ಕಥೆ ಕೇಳಿದ ಹಿರಿಯರೊಬ್ಬರು, ಬಂದರಿನಲ್ಲಿ ಟಾರ್ಪಾಲು ಹೊಲಿಯುವವರ ಕೈಯಲ್ಲಾದರೆ ಇದಕ್ಕಿಂತ ಗಟ್ಟಿಯಾಗುತ್ತಿತ್ತು ಎಂದರು. ಮಲ್ಪೆಯ ಪ್ಯಾರಾಸೇಲ್‌ಗೂ ಇದಕ್ಕೂ ಏನು ವ್ಯತ್ಯಾಸ ಎಂದು ಮತ್ತೊಬ್ಬರು ಕೇಳಿದರು. ಪ್ಯಾರಾಸೇಲ್ ನೆಲದಲ್ಲೋ ದೋಣಿಯಲ್ಲೋ ಮೊದಲೇ ಗಾಳಿ ತುಂಬಿಕೊಂಡು ನಿಧಾನವಾಗಿ ಮೇಲೇಳುತ್ತದೆ. ನಮ್ಮದು ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗದಲ್ಲಿ ಬೀಳುತ್ತಿರುವ ದೇಹವನ್ನು ಕೆಲವೇ ಸೆಕೆಂಡುಗಳಲ್ಲಿ ತಡೆಯಬೇಕಾದದ್ದು, ಆ ಎಳೆತವೆಲ್ಲ ಬಂದು ಬೀಳುವುದು ಇದೇ ಸೇರುವೆಗಳ ಮೇಲೆ. ಹೊಲಿಗೆ ನೋಡಲು ಗಟ್ಟಿಯಾಗಿದೆ ಎಂಬುದಕ್ಕೆ ಅಲ್ಲಿ ಬೆಲೆಯಿಲ್ಲ.

ನನ್ನನ್ನು ಹೆಚ್ಚು ಕೆರಳಿಸಿದ್ದು ದಾರಕ್ಕಿಂತಲೂ ದಾಖಲೆ. ರಿಗ್ಗರ್ ತಾನು ಮಾಡಿದ ಕೆಲಸದ ಸ್ವರೂಪವನ್ನೂ ವ್ಯಾಪ್ತಿಯನ್ನೂ ದಿನಾಂಕ, ಸ್ಥಳಗಳ ಸಮೇತ ಬರೆದಿಟ್ಟು, ಆ ದಾಖಲೆಯನ್ನು ಕನಿಷ್ಠ 2 ವರ್ಷ ಕಾಪಾಡಬೇಕು. ಪ್ಯಾರಾಚೂಟಿನ ಜೊತೆಗಿರುವ ಕಾರ್ಡಿನಲ್ಲಿ ಮಡಚಿದ ದಿನಾಂಕ, ಸ್ಥಳ, ಕಂಡ ದೋಷಗಳು, ಹೆಸರು, ಪ್ರಮಾಣಪತ್ರ ಸಂಖ್ಯೆ, ಸಹಿ ಇರಬೇಕು. ನನ್ನ ಕಾರ್ಡಿನಲ್ಲಿದ್ದದ್ದು ರಿಸರ್ವ್ ಪರಿಶೀಲಿಸಿ ಮಡಚಲಾಗಿದೆ ಎಂಬ ಒಂದೇ ಸಾಲು. ಹಾರ್ನೆಸ್ಸಿನ ವಿಷಯ ಮಂಗಳೂರಿನ ಆ ರಿಗ್ಗರ್‌ನ ಪುಸ್ತಕದಲ್ಲಿಯೂ ಇರಲಿಲ್ಲ. ಮಡಚಿದ್ದಾದರೂ ಹೇಗೆ? ನಿಯಮದಂತೆ 3 ಅಡಿ ಅಗಲ, 40 ಅಡಿ ಉದ್ದದ ನುಣುಪು ಮೇಜೂ, ಪ್ಯಾರಾಚೂಟನ್ನು ಗಾಳಿಗೆ ಹರಡಿ ಒಣಗಿಸುವ ಅನುಕೂಲವೂ ಇರಬೇಕು. ಇವರು ಆಟಿ ತಿಂಗಳ ಮಳೆಯಲ್ಲಿ ಮನೆಯ ಮಹಡಿಯ ನೆಲದ ಮೇಲೆ ಮಡಚಿದ್ದರಂತೆ. ನಮ್ಮ ಕರಾವಳಿಯ ತೇವದಲ್ಲಿ ಆ ಋತುವಿನಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ. ಪ್ರಶ್ನಿಸಿದಾಗ ಬಂದ ಉತ್ತರ, ಅದೊಂದು ಚಿಕ್ಕ ಕೆಲಸ, ಬರೆಯುವಂಥದ್ದೇನಿಲ್ಲ ಎಂಬುದು. ಹಣವನ್ನೂ ಅವರು ಹಿಂದಿರುಗಿಸಲಿಲ್ಲ.

ಕೊನೆಗೆ ರಿಗ್ ತಯಾರಕರ ಬಳಿಗೇ ಹೋಯಿತು. ಅವರು ಹಳೆಯ ಮುಖ್ಯ ಪಟ್ಟಿಗಳನ್ನು ತೆಗೆದು ನನ್ನ ಅಳತೆಗೆ ಹೊಸದನ್ನು ಹಾಕಿ, ಆ ಕೆಲಸವನ್ನು ಸರಣಿ ಸಂಖ್ಯೆಯೊಂದಿಗೆ ದಾಖಲಿಸಿ ಕಳಿಸಿದರು. ಮೊದಲೇ ಅಲ್ಲಿಗೆ ಹೋಗಿದ್ದರೆ ಬೀಳುತ್ತಿದ್ದ ಖರ್ಚಿಗಿಂತ ಇದು ಎಷ್ಟೋ ಹೆಚ್ಚು.

ಇಲ್ಲಿ ಹಾರ್ನೆಸ್ ಮೊಟಕು ಮಾಡಿಸಿಕೊಂಡವರು ಇನ್ನೂ ಇದ್ದಾರೆಂದು ಕೇಳಿದ್ದೇನೆ. ಅದಕ್ಕಾಗಿಯೇ ಇದನ್ನು ಬರೆದದ್ದು. ಅಂಥವರು ತಮ್ಮ ಕಾರ್ಡಿನಲ್ಲಿ ಮಾರ್ಪಾಡಿನ ನಮೂದು ಇದೆಯೇ, ಅದರ ಕೆಳಗಿನ ಪ್ರಮಾಣಪತ್ರ ಸಂಖ್ಯೆ ಮಾಸ್ಟರ್ ರಿಗ್ಗರ್‌ನದೇ, ತಯಾರಕರ ಅನುಮತಿ ಬರಹದಲ್ಲಿದೆಯೇ ಎಂದು ನೋಡಲಿ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಆ ರಿಗ್ಗಿನಲ್ಲಿ ಮತ್ತೆ ಜಿಗಿಯದೆ, ಸೇರುವೆಗಳ ಎರಡೂ ಬದಿಯ ಸ್ಪಷ್ಟ ಫೋಟೊಗಳನ್ನು ಸರಣಿ ಸಂಖ್ಯೆಯೊಂದಿಗೆ ತಯಾರಕರಿಗೆ ಕಳಿಸಿ ಅವರ ಉತ್ತರ ಬರುವವರೆಗೆ ಕಾಯಲಿ.