ಇಮೇಜ್‌ಮ್ಯಾಜಿಕ್: 312 ಪುಟಕ್ಕೆ ಒಂದೇ ಸಾಲು

ಅಪ್ಪ ಕೈಯಲ್ಲಿ ಬರೆದಿಟ್ಟ ನೋಟ್‌ಬುಕ್ಕುಗಳನ್ನು ಫೋನಿನಲ್ಲಿ ಫೋಟೊ ತೆಗೆದಿದ್ದೆ. ಒಟ್ಟು 312 ಪುಟ, ಒಂದೊಂದೂ 4 ಎಂಬಿ. ಅಕ್ಕನಿಗೆ ಕಳಿಸಲು ಎಲ್ಲವನ್ನೂ ಚಿಕ್ಕದು ಮಾಡಬೇಕಿತ್ತು. ಮೊದಲು ಎಂದಿನ ಫೋಟೊ ಎಡಿಟರ್‌ನಲ್ಲೇ ಕೂತೆ. ಫೈಲ್ ತೆರೆ, ಮೆನು ಹುಡುಕು, ಅಗಲ 1600 ಪಿಕ್ಸೆಲ್ ಅಂತ ಹಾಕು, ಸೇವ್ ಮಾಡು. ಒಂದಕ್ಕೆ ಅರ್ಧ ನಿಮಿಷ. ಇಪ್ಪತ್ತು ಮುಗಿಯುವಷ್ಟರಲ್ಲಿ ಯಾವುದು ಆಯಿತು, ಯಾವುದು ಬಾಕಿ ಅನ್ನೋ ಲೆಕ್ಕವೇ ತಪ್ಪಿತು.

ಆಗ ಇಮೇಜ್‌ಮ್ಯಾಜಿಕ್ ಹಾಕಿಕೊಂಡೆ. ಚಿತ್ರಗಳನ್ನು ತಿದ್ದಲು 1990ರಿಂದಲೂ ಉಚಿತವಾಗಿ ಸಿಗುವ ಸಾಫ್ಟ್‌ವೇರ್ ಇದು. ಟರ್ಮಿನಲ್‌ನಲ್ಲಿ, ಅಂದರೆ ಬರೀ ಅಕ್ಷರಗಳ ಪರದೆಯಲ್ಲಿ, ಟೈಪ್ ಮಾಡಿಯೇ ಕೆಲಸ ಹೇಳಬೇಕು. ನಾನು ಬರೆದದ್ದು ಒಂದೇ ಸಾಲು: ಮೊಗ್ರಿಫೈ (ಒಟ್ಟಿಗೇ ಹಲವು ಚಿತ್ರ ಬದಲಿಸುವ ಕಮಾಂಡ್), ಪಾತ್ ಅಂತ ಹೊಸ ಫೋಲ್ಡರಿನ ಹೆಸರು, ಆಟೊ-ಓರಿಯೆಂಟ್ (ಅಡ್ಡ ತಿರುಗಿದ್ದನ್ನು ನೇರ ಮಾಡಲು), ರಿಸೈಜ್ 1600 (ಅಗಲ), ಕೊನೆಗೆ ನಕ್ಷತ್ರ, ಚುಕ್ಕಿ, ಜೆಪಿಜಿ. ಆ ನಕ್ಷತ್ರ ಅಂದರೆ 'ಇಲ್ಲಿರುವ ಅಷ್ಟೂ ಜೆಪಿಜಿ' ಅಂತ.

ಎಂಟರ್ ಒತ್ತಿದೆ. ಪರದೆಯಲ್ಲಿ ಒಂದಕ್ಷರವೂ ಬರಲಿಲ್ಲ. ಎದೆ ಡವಡವ. ಎರಡು ನಿಮಿಷ ಆದ ಮೇಲೆ ಕರ್ಸರ್ ಹೊಸ ಸಾಲಿಗೆ ಬಂತು, ಅಷ್ಟೇ. ಫೋಲ್ಡರ್ ತೆರೆದರೆ 312 ಫೈಲ್ ಸಾಲಾಗಿ ಕೂತಿದ್ದವು! ತಪ್ಪಾದರೆ ಮಾತ್ರ ಬಾಯಿ ಬಿಡುವುದು ಇಂಥ ಕಮಾಂಡ್‌ಗಳ ಸ್ವಭಾವ. ಹೊಸಬರಿಗೆ ಇದನ್ನು ಯಾರಾದರೂ ಮೊದಲೇ ಹೇಳಬೇಕು.

ಇನ್ನೊಂದು ಎಚ್ಚರಿಕೆ. ಪಾತ್ ಹಾಕದಿದ್ದರೆ ಮೊಗ್ರಿಫೈ ಮೂಲ ಫೋಟೊಗಳ ಮೇಲೆಯೇ ಬರೆಯುತ್ತದೆ, ಕೇಳುವುದೂ ಇಲ್ಲ. ಹೊಸ ಫೋಲ್ಡರನ್ನೂ ನೀವೇ ಮೊದಲು ಮಾಡಿಟ್ಟಿರಬೇಕು. ನಾನು ನಾಲ್ಕು ಫೋಟೊಗಳ ಕಾಪಿ ಮೇಲೆ ಪ್ರಯೋಗ ಮಾಡಿ ನೋಡಿಯೇ ಮುಂದುವರಿದೆ. ನೀವೂ ಹಾಗೇ ಮಾಡಿ.

ಆದರೂ 19 ಪುಟ ತಲೆಕೆಳಗಾಗಿಯೇ ಉಳಿದವು. ಫೋಟೊ ತೆಗೆಯುವಾಗ ಫೋನ್ ಯಾವ ಕಡೆ ತಿರುಗಿತ್ತು ಅಂತ ಫೈಲಿನೊಳಗೆ ಗುರುತಾಗಿರುತ್ತದೆ, ಆಟೊ-ಓರಿಯೆಂಟ್ ನಂಬುವುದು ಅದನ್ನೇ. ಮೇಜಿನ ಮೇಲಿನ ಪುಟಕ್ಕೆ ಫೋನನ್ನು ಮೇಜಿಗೆ ಸಮಾನಾಂತರವಾಗಿ ಮಲಗಿಸಿ ಹಿಡಿದರೆ ಆ ಗುರುತೇ ತಪ್ಪುವುದುಂಟು. ಅಕ್ಷರ ತಲೆಕೆಳಗಾಗಿದೆ ಅಂತ ಕಣ್ಣಿಗೆ ತಾನೇ ಗೊತ್ತಾಗೋದು? ಅಲ್ಲಿ ಮತ್ತೆ ಮೌಸ್ ಹಿಡಿದೆ. ಚಿಕ್ಕ ಚಿತ್ರಗಳ ಸಾಲಿನಲ್ಲಿ 19ನ್ನೂ ಆರಿಸಿ ತಿರುಗಿಸಿದೆ. ಆ ಕೆಲಸಕ್ಕೆ ಕಿಟಕಿ, ಬಟನ್ನುಗಳೇ ಸರಿ, ಅದರಲ್ಲಿ ನನಗೆ ಅನುಮಾನವಿಲ್ಲ.

ಅಮ್ಮನ ಪತ್ರಗಳು ಅಕ್ಕನ ಹತ್ತಿರ ಇವೆ. ಹೇಗೆ ಮಾಡಿದೆ ಅಂತ ಕೇಳಿದಳು. ಮೆನುವಿನ ದಾರಿಯನ್ನು ಫೋನಿನಲ್ಲಿ ವಿವರಿಸುವ ಕಷ್ಟವೇ ಬರಲಿಲ್ಲ. ಆ ಒಂದು ಸಾಲನ್ನು ಮೆಸೇಜ್ ಮಾಡಿದೆ. ಸಂಜೆಗೆ ಪತ್ರಗಳೆಲ್ಲ ನನ್ನ ಇನ್‌ಬಾಕ್ಸಿನಲ್ಲಿದ್ದವು.