ಆಂಬರ್‌ಲಿಸ್ಟ್-15: ಸೋಸಿ ತೆಗೆಯಬಹುದಾದ ಆಸಿಡ್

ಎಸ್ಟರ್ (ಆಸಿಡ್ ಮತ್ತು ಆಲ್ಕೋಹಾಲ್ ಕೂಡಿ ಆದ ವಸ್ತು) ನೀರಿನಿಂದ ಒಡೆಯುವ ಪ್ರಯೋಗ ಮಾಡಿಸುವವರು, ಆ ಕ್ರಿಯೆಯನ್ನು ಚುರುಕು ಮಾಡುವ ಆಂಬರ್‌ಲಿಸ್ಟ್-15 ಎಂಬ ಈ ರೆಸಿನ್ (ಪ್ಲಾಸ್ಟಿಕ್‌ನಂಥ ಘನ ವಸ್ತು) ಒಮ್ಮೆ ಬಳಸಿ ನೋಡಲೇಬೇಕು. ನೋಡಲು ಸಾಸಿವೆಗಿಂತ ಸಣ್ಣ, ಮಾಸಲು ಬಣ್ಣದ ಮಣಿಗಳು. ಪಾಲಿಸ್ಟೈರೀನ್ ಮೈಗೆ ಸಲ್ಫೋನಿಕ್ ಆಸಿಡ್ ಗುಂಪುಗಳು ಕಚ್ಚಿಕೊಂಡಿವೆ. ಒಣ ರೆಸಿನ್ ಒಂದು ಕೆಜಿಗೆ ಸುಮಾರು 4.7 ಈಕ್ವಿವಲೆಂಟ್ ಆಸಿಡ್, ಅಂದರೆ 4.7 ಮೋಲ್ ಪ್ರೋಟಾನ್. ಸಾಕಷ್ಟು ಜೋರಾದದ್ದೇ!

ನಾನು ಬಳಸುವುದು ಈಥೈಲ್ ಅಸಿಟೇಟ್‌ಗೆ. ಮಣಿಯ ಪ್ರೋಟಾನ್ ಎಸ್ಟರ್‌ನ ಕಾರ್ಬೊನಿಲ್ ಆಕ್ಸಿಜನ್ ಮೇಲೆ ಕೂರುತ್ತದೆ. ಆಗ ಅಲ್ಲಿನ ಕಾರ್ಬನ್‌ಗೆ ನೀರು ಬಂದು ಸೇರುತ್ತದೆ. ಎಥನಾಲ್ ಕಳಚಿಕೊಳ್ಳುತ್ತದೆ, ಅಸಿಟಿಕ್ ಆಸಿಡ್ ಉಳಿಯುತ್ತದೆ, ಪ್ರೋಟಾನ್ ಮತ್ತೆ ಕೆಲಸಕ್ಕೆ ಸಿಗುತ್ತದೆ.

ನನ್ನ ಮನಸ್ಸು ಗೆದ್ದದ್ದು ಟೈಟ್ರೇಷನ್‌ನಲ್ಲಿ, ಅಂದರೆ ಬ್ಯೂರೆಟ್‌ನಿಂದ ಕ್ಷಾರ ಇಳಿಸಿ ಆಸಿಡ್ ಎಷ್ಟಿದೆ ಎಂದು ಅಳೆಯುವಾಗ. ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ಮಾಡಿದರೆ ಬ್ಯೂರೆಟ್ ರೀಡಿಂಗ್‌ನಲ್ಲಿ ಅದರ ಪಾಲೂ ಸೇರಿರುತ್ತದೆ. ಪ್ರತಿ ಸಲ ಅದನ್ನು ಕಳೆಯಬೇಕು. ತೆಗೆದ ಸ್ಯಾಂಪಲ್‌ನಲ್ಲಿ ಕ್ರಿಯೆ ಮುಂದುವರಿಯದಿರಲಿ ಎಂದು ಐಸ್ ನೀರಿಗೆ ಸುರಿಯಬೇಕು. ಇಲ್ಲಿ ಮಣಿ ಬಾರದಂತೆ ಸೋಸಿದರೆ ಸಾಕು, ಕ್ರಿಯೆ ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ. ಆಸಿಡ್ ಮುಗಿದದ್ದನ್ನು ಬಣ್ಣದಿಂದ ತೋರಿಸುವ ಫಿನಾಲ್ಫ್ಥಲೀನ್ ಗುಲಾಬಿಗೆ ತಿರುಗುವಷ್ಟರಲ್ಲಿ ಇಳಿದ ಸೋಡಿಯಂ ಹೈಡ್ರಾಕ್ಸೈಡ್, ಎಸ್ಟರ್ ಒಡೆದು ಹುಟ್ಟಿದ ಆಸಿಡ್‌ನ ಲೆಕ್ಕ. ಕಲಿಯುವವರಿಗೆ ಇಷ್ಟು ನೇರವಾಗಿ ತೋರಿಸುವುದು ಬೇರೆ ಯಾವುದಿದೆ?

ಆದರೆ ಈ ಲೆಕ್ಕ ಸರಿ ಬರಬೇಕಾದರೆ ಮಣಿಗಳನ್ನು ಮೊದಲು ಚೆನ್ನಾಗಿ ತೊಳೆಯಬೇಕು. ಮೆಥನಾಲ್‌ನಲ್ಲಿ, ಆಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ, ತೊಳೆದ ನೀರು ಲಿಟ್ಮಸ್‌ಗೆ ಹುಳಿ ತೋರಿಸದಷ್ಟು. ನಲ್ಲಿ ನೀರು ಖಂಡಿತ ಬೇಡ. ಅದರ ಕ್ಯಾಲ್ಸಿಯಂ, ಸೋಡಿಯಂ ಮಣಿಯಲ್ಲಿ ಕೂತು ಪ್ರೋಟಾನನ್ನು ಹೊರಗೆ ತಳ್ಳುತ್ತವೆ. ಹಾಗಾದರೆ ರೆಸಿನ್ ಮಂದವಾಗುತ್ತದೆ, ದ್ರವಕ್ಕೆ ಆಸಿಡ್ ಸೇರುತ್ತದೆ, ಟೈಟ್ರೇಷನ್ ಕೆಡುತ್ತದೆ. ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ನೆನೆಸಿ ಮತ್ತೆ ತೊಳೆದರೆ ಚುರುಕಾಗುತ್ತದೆ, ಅದೊಂದು ಸಮಾಧಾನ. ಮ್ಯಾಗ್ನೆಟಿಕ್ ಬಾರ್ ತಳದಲ್ಲಿ ಮಣಿಗಳನ್ನು ಅರೆದು ಪುಡಿ ಮಾಡುತ್ತದೆ. ಮೇಲಿನಿಂದ ತಿರುಗುವ ಸ್ಟಿರರ್ ಒಳ್ಳೆಯದು. 120 ಡಿಗ್ರಿ ಸೆಲ್ಸಿಯಸ್ ದಾಟಿಸಬೇಡಿ, ಸಲ್ಫೋನಿಕ್ ಗುಂಪುಗಳು ಕಳಚಿಹೋಗುತ್ತವೆ.

ಎಷ್ಟು ಮಣಿ ಸುರಿದರೂ ಸಮತೋಲನ ಬದಲಾಗುವುದಿಲ್ಲ. ಆಸಿಡ್, ಎಥನಾಲ್ ಕೂಡಿ ಮತ್ತೆ ಎಸ್ಟರ್ ಆಗುವ ಹಿಮ್ಮುಖ ಕ್ರಿಯೆಯನ್ನೂ ಇದು ಅಷ್ಟೇ ಚುರುಕು ಮಾಡುತ್ತದೆ ಅಲ್ವಾ? ಎಸ್ಟರ್ ಪೂರ್ತಿ ಒಡೆಯಬೇಕಾದರೆ ನೀರು ಜಾಸ್ತಿ ಇರಲಿ.

ಎಣ್ಣೆ, ಕೊಬ್ಬಿನಂಥ ದೊಡ್ಡ ಎಸ್ಟರ್‌ಗಳಿಗೆ ಮಾತ್ರ ಇದನ್ನು ಹೇಳಲಾರೆ. ಅವು ನೀರಿನಲ್ಲಿ ಬೆರೆಯುವುದಿಲ್ಲ, ಮಣಿಯ ರಂಧ್ರದೊಳಗೆ ನುಸುಳುವುದೂ ನಿಧಾನ. ಕಾದು ಕಾದು ಬೇಸರವಾಗುತ್ತದೆ.