ಓಬರ್‌ತ್ಸೆಲ್‌ನ ಸಂತ ಜಾರ್ಜ್ ಚರ್ಚ್: ಬಿಡುವು ಮಾಡಿಕೊಂಡು ನೋಡಬೇಕಾದ ಗೋಡೆಗಳು

ಜರ್ಮನಿಯ ದಕ್ಷಿಣದಂಚಿನಲ್ಲಿ, ಸ್ವಿಟ್ಜರ್ಲೆಂಡಿನ ಗಡಿಗೆ ತಾಗಿಕೊಂಡಿರುವ ಕಾನ್‌ಸ್ಟನ್ಸ್ ಸರೋವರದಲ್ಲಿ ರೈಖೆನೌ ಎಂಬ ಪುಟ್ಟ ದ್ವೀಪವಿದೆ. 1838ರಲ್ಲಿ ಕಟ್ಟಿದ ಏರಿಯ ಮೇಲೆ, ಎತ್ತರದ ಪಾಪ್ಲರ್ ಸಾಲುಮರಗಳ ನಡುವೆ ಸಾಗಿ ದ್ವೀಪವನ್ನು ಮುಟ್ಟಿದವರಿಗೆ ಮೊದಲು ಎದುರಾಗುವ ಊರು ಓಬರ್‌ತ್ಸೆಲ್. ಸೊಪ್ಪು, ಸೌತೆ, ಟೊಮೆಟೊ ಬೆಳೆಯುವ ಹೊಲಗಳೂ ಗಾಜಿನ ಮನೆಗಳೂ ಹರಡಿರುವ ಆ ಬಯಲಿನಲ್ಲಿ, ತಗ್ಗಾದ ಚೌಕ ಗೋಪುರವೊಂದನ್ನು ಹೊತ್ತು ನಿಂತಿರುವ ಸಂತ ಜಾರ್ಜ್ ಚರ್ಚನ್ನು ದೂರದಿಂದ ಕಂಡವರು ಅದನ್ನು ಸಾಧಾರಣ ಹಳ್ಳಿ ಚರ್ಚೆಂದೇ ಭಾವಿಸುತ್ತಾರೆ. ನಾನೂ ಹಾಗೆಯೇ ಭಾವಿಸಿದ್ದೆ. ಒಳಗೆ ಕಳೆದ ಒಂದು ಗಂಟೆಯ ನಂತರ ನನ್ನ ಅಭಿಪ್ರಾಯ ಪೂರ್ತಿ ಬದಲಾಯಿತು.

ರೈಖೆನೌ ಮಠವನ್ನು 724ರಲ್ಲಿ ಪಿರ್ಮಿನ್ ಎಂಬ ಸನ್ಯಾಸಿ ಸ್ಥಾಪಿಸಿದನು. ಮುಂದೆ ಈ ಮಠದ ಅಧಿಪತಿಯಾಗಿಯೂ ಮೈನ್ಸ್ ನಗರದ ಮಹಾಧರ್ಮಾಧ್ಯಕ್ಷನಾಗಿಯೂ ಇದ್ದ ಮೂರನೆಯ ಹಟ್ಟೊ, 896ರಲ್ಲಿ ರೋಮಿನಿಂದ ಸಂತ ಜಾರ್ಜನ ಪವಿತ್ರ ಅವಶೇಷವನ್ನು ತಂದನೆಂದೂ ಅದನ್ನು ಇರಿಸಲು ಈ ಚರ್ಚನ್ನು ಕಟ್ಟಿಸಿದನೆಂದೂ ಇತಿಹಾಸ ಹೇಳುತ್ತದೆ. ಆ ಅವಶೇಷದ ಗೌರವಕ್ಕೆ ತಕ್ಕಂತೆ ಬಲಿಪೀಠದ ಭಾಗವನ್ನು ನೆಲದಿಂದ ಮೇಲಕ್ಕೆತ್ತಿ, ಅದರ ಅಡಿಯಲ್ಲಿ ನಾಲ್ಕು ಕಂಬಗಳ ಒಂದು ನೆಲಮಾಳಿಗೆಯನ್ನು ನಿರ್ಮಿಸಿದ್ದಾರೆ. ಪಶ್ಚಿಮದ ಬಾಗಿಲಿನಿಂದ ಒಳಬಂದವರ ಕಣ್ಣು ತಾನಾಗಿ ಆ ಎತ್ತರದ ಕಡೆಗೆ ಹರಿಯುತ್ತದೆ. ಮಧ್ಯದ ಅಂಕಣ ಎತ್ತರವಾಗಿದ್ದು ಅದರ ಎರಡೂ ಬದಿಗೆ ತಗ್ಗಾದ ಅಂಕಣಗಳಿವೆ. ನಡುವೆ ದುಂಡುಕಂಬಗಳೂ ಅವುಗಳ ಮೇಲೆ ಅರ್ಧವೃತ್ತದ ಕಮಾನುಗಳೂ ಇವೆ. ಚಾವಣಿಯು ಚಪ್ಪಟೆಯಾಗಿದೆ. ಇಷ್ಟು ಸರಳವಾದ ಯೋಜನೆ ಇರುವುದರಿಂದಲೇ ಕಮಾನುಗಳ ಮೇಲಿನ ಗೋಡೆ ಉದ್ದಕ್ಕೂ ಬಿಡುವಾಗಿ ಉಳಿದಿದೆ, ಮತ್ತು ಈ ಚರ್ಚಿನ ನಿಜವಾದ ಸಂಪತ್ತು ಇರುವುದು ಆ ಗೋಡೆಯ ಮೇಲೆಯೇ.

ಅಲ್ಲಿ ಯೇಸುವಿನ ಅದ್ಭುತಕಾರ್ಯಗಳನ್ನು ಚಿತ್ರಿಸುವ ಎಂಟು ದೊಡ್ಡ ಭಿತ್ತಿಚಿತ್ರಗಳಿವೆ, ಉತ್ತರಕ್ಕೆ ನಾಲ್ಕು, ದಕ್ಷಿಣಕ್ಕೆ ನಾಲ್ಕು. ಇವು ಹತ್ತನೆಯ ಶತಮಾನದಲ್ಲಿ ಬರೆದವು ಎಂಬುದು ವಿದ್ವಾಂಸರಲ್ಲಿ ಹೆಚ್ಚಿನವರ ಮತ. ಆಲ್ಪ್ಸ್ ಪರ್ವತಗಳ ಉತ್ತರಕ್ಕೆ ಅಷ್ಟು ಹಳೆಯ ಚಿತ್ರಮಾಲೆಯೊಂದು ಹೀಗೆ ಸಾಲಾಗಿ ಉಳಿದಿರುವುದು ಬಹಳ ಅಪರೂಪ. ಚಿತ್ರಗಳ ಮೇಲೂ ಕೆಳಗೂ ಮಡಿಸಿದ ಪಟ್ಟಿಯಂತೆ ಕಾಣುವ ಅಂಚಿನ ಅಲಂಕಾರವಿದೆ. ಅದರ ನೆರಳು ಬೆಳಕುಗಳನ್ನು ಎಷ್ಟು ಜಾಣತನದಿಂದ ಹಚ್ಚಿದ್ದಾರೆಂದರೆ, ಸಮತಟ್ಟಾದ ಗೋಡೆಯಿಂದ ಅದು ಹೊರಕ್ಕೆ ಚಾಚಿಕೊಂಡಂತೆ ತೋರುತ್ತದೆ.

ನನ್ನನ್ನು ಅತಿ ಹೆಚ್ಚು ಹಿಡಿದು ನಿಲ್ಲಿಸಿದ್ದು ಉತ್ತರ ಗೋಡೆಯ ಬಿರುಗಾಳಿಯ ಚಿತ್ರ. ಒಂದೇ ದೋಣಿಯಲ್ಲಿ ಯೇಸು ಎರಡು ಸಲ ಕಾಣಿಸಿಕೊಳ್ಳುತ್ತಾನೆ: ಒಂದು ಕಡೆ ನಿದ್ದೆಯಲ್ಲಿದ್ದಾನೆ, ಇನ್ನೊಂದು ಕಡೆ ಎದ್ದು ಗಾಳಿಯನ್ನು ಗದರಿಸುತ್ತಿದ್ದಾನೆ. ಶಿಷ್ಯರ ಭಯವನ್ನೂ ಆ ಭಯ ಇಳಿದ ಕ್ಷಣವನ್ನೂ ಒಂದೇ ಚೌಕಟ್ಟಿನೊಳಗೆ ಹಿಡಿದಿಡಲು ಚಿತ್ರಕಾರ ಕಂಡುಕೊಂಡ ಈ ಉಪಾಯದಿಂದ, ಓದು ಬರಹ ತಿಳಿಯದ ಹಳ್ಳಿಗನೂ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಅನುಸರಿಸಬಲ್ಲವನಾಗಿದ್ದ. ಎದುರು ಗೋಡೆಯಲ್ಲಿ ಯೇಸು ಸಾವಿನಿಂದ ಎಬ್ಬಿಸಿದ ಯಾಯೀರನ ಮಗಳೂ ಅವನು ಗುಣಪಡಿಸಿದ, ರಕ್ತಸ್ರಾವದಿಂದ ನರಳುತ್ತಿದ್ದ ಹೆಂಗಸೂ ಒಂದೇ ಚಿತ್ರವನ್ನು ಹಂಚಿಕೊಂಡಿದ್ದಾರೆ. ಎಲ್ಲ ಚಿತ್ರಗಳಲ್ಲೂ ಮಾತನಾಡುವುದು ಕೈಗಳು. ಯೇಸುವಿನ ಚಾಚಿದ ಬಲಗೈಯನ್ನೇ ಚಿತ್ರದಿಂದ ಚಿತ್ರಕ್ಕೆ ಹಿಂಬಾಲಿಸಿದರೆ ಸಾಕು, ಮಿಕ್ಕ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಇದೇ ಮಠದಲ್ಲಿ ಸಿದ್ಧವಾದ, ಇಂದು ಜಗತ್ಪ್ರಸಿದ್ಧವಾಗಿರುವ ಚಿತ್ರಸಹಿತ ಹಸ್ತಪ್ರತಿಗಳಲ್ಲಿಯೂ ಕೈಗಳ ಈ ಭಾಷೆಯೇ ಇದೆ.

ಬಣ್ಣಗಳು ಮಾಸಿವೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಶತಮಾನಗಳ ಕಾಲ ಸುಣ್ಣದ ಪದರದ ಕೆಳಗೆ ಹುದುಗಿದ್ದ ಈ ಚಿತ್ರಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮತ್ತೆ ಹೊರಬಂದವು. ಪುಸ್ತಕಗಳಲ್ಲಿ ಅಚ್ಚಾದ ಹೊಳೆಯುವ ಪ್ರತಿಗಳನ್ನು ನೋಡಿ ಬಂದವರಿಗೆ ಮೊದಲ ಐದು ನಿಮಿಷ ನಿರಾಸೆಯಾಗಬಹುದು. ಕಣ್ಣು ಆ ಮಬ್ಬಿಗೆ ಹೊಂದಿಕೊಂಡ ಮೇಲೆ ನೀಲಿ, ಹಸಿರು, ಕಂದು ಬಣ್ಣದ ಪಟ್ಟೆಗಳು ಒಂದೊಂದಾಗಿ ಮೇಲೆ ಬರುತ್ತವೆ. ಆದ್ದರಿಂದ ಅವಸರದಲ್ಲಿ ಇಲ್ಲಿಗೆ ಬರುವುದರಲ್ಲಿ ಅರ್ಥವಿಲ್ಲ.

ಬೇಸಿಗೆಯಲ್ಲಿ, ಅಂದರೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ, ಮಾರ್ಗದರ್ಶಕರ ಜೊತೆಯಲ್ಲಿ ಮಾತ್ರ ಒಳಗೆ ಬಿಡುತ್ತಾರೆ. ಬಾಗಿಲ ಹೊರಗೆ ಕಾಯುವಾಗ ಇದು ಅನಗತ್ಯ ಕಟ್ಟುಪಾಡೆಂದು ಅನ್ನಿಸೀತು. ಕಾರಣ ತಿಳಿದರೆ ಹಾಗೆ ಅನ್ನಿಸುವುದಿಲ್ಲ. ಹೊರಗಿನ ಬಿಸಿ ಗಾಳಿ ಬಾಗಿಲು ತೆರೆದಾಗಲೆಲ್ಲ ಒಳನುಗ್ಗಿ, ಜನರ ಉಸಿರಿನ ತೇವದೊಂದಿಗೆ ಸೇರಿ, ತಂಪಾದ ಗೋಡೆಯ ಮೇಲೆ ಹನಿಗಟ್ಟುತ್ತದೆ. ಆ ತೇವಕ್ಕೆ ದೂಳು ಅಂಟುತ್ತದೆ, ಬೂಷ್ಟು ಬೆಳೆಯುತ್ತದೆ, ಗಾರೆಯೊಳಗಿನ ಉಪ್ಪು ಕರಗಿ ಮತ್ತೆ ಹರಳುಗಟ್ಟುವಾಗ ಬಣ್ಣದ ಪದರವನ್ನೇ ಎಬ್ಬಿಸುತ್ತದೆ. ಸಾವಿರ ವರ್ಷ ಬಾಳಿದ ಚಿತ್ರವನ್ನು ನಮ್ಮ ಉಸಿರಿನಿಂದ ಕಾಪಾಡಲು ಅರ್ಧ ಗಂಟೆ ಕಾಯುವುದು ನನಗೆ ದೊಡ್ಡ ಬೆಲೆಯೆನಿಸಲಿಲ್ಲ. ಒಬ್ಬರೇ ಮೌನವಾಗಿ ಕುಳಿತು ನೋಡುವ ಆಸೆಯುಳ್ಳವರು ಚಳಿಗಾಲವನ್ನು ಆರಿಸಿಕೊಳ್ಳುವುದೇ ಮೇಲು.

ಬಲಿಪೀಠದ ಮೆಟ್ಟಿಲ ಬಳಿ, ಎಡಗೋಡೆಯಲ್ಲಿ, ಹದಿನಾಲ್ಕನೆಯ ಶತಮಾನದ ಒಂದು ಚಿಕ್ಕ ಚಿತ್ರವಿದೆ, ತಪ್ಪದೆ ನೋಡಬೇಕು. ನಾಲ್ಕು ಪಿಶಾಚಿಗಳು ಒಂದು ಹಸುವಿನ ಚರ್ಮವನ್ನು ಬಿಗಿಯಾಗಿ ಹಿಡಿದಿವೆ. ಮೇಲೆ ಇಬ್ಬರು ಹೆಂಗಸರು ಹರಟೆಯಲ್ಲಿ ಮುಳುಗಿದ್ದಾರೆ. ಚರ್ಮದ ಮೇಲಿನ ಹಳೆಯ ಜರ್ಮನ್ ಸಾಲುಗಳು, ಇಲ್ಲಿ ಆಡಿದ ಪೊಳ್ಳು ಮಾತೆಲ್ಲ ನ್ಯಾಯಾಧೀಶನ ಮುಂದೆ ನಿಲ್ಲುವ ದಿನ ನೆನಪಿಗೆ ಬಂದೇ ಬರುತ್ತದೆ ಎಂದು ಎಚ್ಚರಿಸುತ್ತವೆ. ಹರಟೆಯ ಹೊಣೆಯನ್ನು ಹೆಂಗಸರ ತಲೆಗೇ ಕಟ್ಟಿದ್ದು ಅನ್ಯಾಯವೆಂದು ನನಗೆ ತೋರಿತು. ಆದರೂ ಅದ್ಭುತಗಳ ಆ ಗಂಭೀರ ಸಾಲಿನ ಪಕ್ಕದಲ್ಲೇ ಪ್ರಾರ್ಥನೆಗೆ ಬಂದು ಪಿಸುಗುಟ್ಟುತ್ತಿದ್ದ ನಿಜವಾದ ಊರಜನ ಇಲ್ಲೊಮ್ಮೆ ಕಣ್ಣಿಗೆ ಬೀಳುತ್ತಾರೆ, ಮತ್ತು ಅದಕ್ಕಾಗಿ ಈ ಚಿತ್ರ ನನಗೆ ಪ್ರಿಯವಾಯಿತು.

ದ್ವೀಪದ ಇನ್ನೆರಡು ಪ್ರಾಚೀನ ಚರ್ಚುಗಳೊಡನೆ, ಅಂದರೆ ಮಿಟ್ಟೆಲ್‌ತ್ಸೆಲ್‌ನ ಮಠದ ಚರ್ಚು ಮತ್ತು ನೀಡರ್‌ತ್ಸೆಲ್‌ನ ಸಂತ ಪೇತ್ರ ಪೌಲರ ಚರ್ಚಿನೊಡನೆ, ಇದು 2000ದಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮೂರನ್ನೂ ಒಂದೇ ದಿನದಲ್ಲಿ ನಡೆದು ನೋಡಬಹುದು. ಒಂದಕ್ಕೆ ಮಾತ್ರ ಸಮಯವಿದ್ದರೆ ಸಂತ ಜಾರ್ಜನನ್ನೇ ಆರಿಸಿಕೊಳ್ಳಿ, ಮತ್ತು ಒಂದು ಚಿಕ್ಕ ದುರ್ಬೀನನ್ನು ಜೊತೆಗೊಯ್ಯಿರಿ. ಕಮಾನುಗಳ ನಡುವೆ ದುಂಡು ಚೌಕಟ್ಟಿನೊಳಗಿರುವ ಮಠಾಧಿಪತಿಗಳ ಮಾಸಿದ ಮುಖಗಳು ಬರಿಗಣ್ಣಿಗೆ ಸರಿಯಾಗಿ ಸಿಗುವುದಿಲ್ಲ.